ಹಣೆಬರಹವಲ್ಲ, ಹಣದ ಬರಹ

ನಮ್ಮ ಊರಿನ ಯಾವ ಓಣಿಗೆ ಹೋದರೂ ಈ ಕತೆ ಕೇಳಿಬರುತ್ತದೆ. ನಲವತ್ತೈದೋ ಐವತ್ತೋ ವಯಸ್ಸಿನ ಹೆಂಗಸು. ಬೆಳಗಿನ ಪಾಳಿಗೆ ಹೋಗುವ ಗಂಡನಿಗೆ ಬುತ್ತಿ ಕಟ್ಟಿ, ತಾನೂ ಕೂಲಿಗೆ ಹೋಗಿ ಬಂದು, ಮಕ್ಕಳನ್ನು ದಡ ಮುಟ್ಟಿಸಿದವಳು. ಮೊದಲು ಕೆಟ್ಟ ವಾಸನೆಯ ಬಿಳಿ ಹೋಗತೊಡಗಿತು. ಆಮೇಲೆ ಮುಟ್ಟು ನಿಂತು ವರ್ಷಗಳಾದ ಮೇಲೂ ರಕ್ತ ಕಾಣಿಸಿತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಹೇಳಿದ ದಿನ ಇಲ್ಲಿಯ ಡಾಕ್ಟರು ಬೆಂಗಳೂರಿಗೆ ಹೋಗಿರೆಂದರು. ಬೆಂಗಳೂರಿನ ಡಾಕ್ಟರು ತಡವಾಯಿತೆಂದರು. ಮಣ್ಣು ಮಾಡಿ ಬಂದ ಮೇಲೆ ಕಟ್ಟೆಯ ಮೇಲೆ ಕುಳಿತ ಹಿರಿಯರು ಹೇಳುವ ಮಾತು ಒಂದೇ: “ಅವಳ ಹಣೆಬರಹ. ಬಂದದ್ದು ಉಣ್ಣಬೇಕು.”

ನಾವು ಈ ಮಾತನ್ನು ಒಪ್ಪುವುದಿಲ್ಲ. ಸತ್ತವಳ ಮನೆಯವರ ದುಃಖದ ಮುಂದೆ ವಾದಕ್ಕೆ ನಿಲ್ಲುವುದು ನಮ್ಮ ಉದ್ದೇಶವಲ್ಲ. ಆದರೆ ಹಣೆಬರಹವೆಂಬ ಮಾತಿನ ಮರೆಯಲ್ಲಿ ಯಾರು ಯಾರು ಅಡಗಿ ಕುಳಿತಿದ್ದಾರೆಂಬುದನ್ನು ಬಯಲಿಗೆಳೆಯದೆ ಬಿಡುವುದು ಪಾಪವೆಂದು ನಾವು ತಿಳಿದಿದ್ದೇವೆ. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ನಮ್ಮ ದೇಶದಲ್ಲಿ ೨೦೨೨ರ ಒಂದೇ ವರ್ಷದಲ್ಲಿ ಸುಮಾರು ೧ ಲಕ್ಷ ೨೭ ಸಾವಿರ ಹೆಂಗಸರು ಹೊಸದಾಗಿ ತುತ್ತಾದರು, ಸುಮಾರು ೮೦ ಸಾವಿರ ಮಂದಿ ಸತ್ತರು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ದಿನಕ್ಕೆ ಇನ್ನೂರಕ್ಕಿಂತ ಹೆಚ್ಚು ಹೆಣ. ಗಿರಣಿಯ ಛಾವಣಿ ಕುಸಿದು ಒಂದು ದಿನ ಇನ್ನೂರು ಜನ ಸತ್ತರೆ ಮಂತ್ರಿಗಳು ಓಡಿ ಬರುತ್ತಾರೆ, ವಿಚಾರಣಾ ಸಮಿತಿ ಕೂರುತ್ತದೆ. ಈ ಇನ್ನೂರು ಜನ ಒಂದೇ ಸೂರಿನ ಕೆಳಗೆ ಸಾಯುವುದಿಲ್ಲ. ಬೇರೆ ಬೇರೆ ಓಣಿಗಳಲ್ಲಿ, ಹರಿದ ಕೌದಿಯ ಮೇಲೆ, ಸದ್ದಿಲ್ಲದೆ ಸಾಯುತ್ತಾರೆ. ಆದ್ದರಿಂದಲೇ ವಿಚಾರಣೆ ಇಲ್ಲ.

ವಿಚಾರಣೆಯನ್ನು ಹಾಗಾದರೆ ನಾವೇ ಮಾಡೋಣ.

ಗಿರಣಿಯ ಜನಕ್ಕೆ ಮೊದಲು ಗಿರಣಿಯ ಮಾತನ್ನೇ ಹೇಳುತ್ತೇವೆ. ನಮ್ಮ ಚರ್ಮದ ಮೇಲ್ಪದರ, ಬಾಯಿಯ ಒಳಗೋಡೆ, ಗರ್ಭಕೋಶದ ಕೊರಳಿನ ಹೊರಪದರ, ಇವೆಲ್ಲ ಮೀನಿನ ಹುರುಪೆಯಂತೆ ಚಪ್ಪಟೆಯಾದ ಜೀವಕೋಶಗಳಿಂದ ಆದವು. ಈ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರು ಒಂದೇ ಜಾತಿಯದು. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ೧೭೭೫ರಲ್ಲಿಯೇ ಬರೆದ: ಹೊಗೆಗೂಡು ಗುಡಿಸುವ ಹುಡುಗರಿಗೆ ದೊಡ್ಡವರಾದ ಮೇಲೆ ವೃಷಣದ ಚೀಲದ ಚರ್ಮಕ್ಕೆ ಕ್ಯಾನ್ಸರು ಬರುತ್ತದೆ, ಕಾರಣ ಅಲ್ಲಿ ಮೆತ್ತಿಕೊಳ್ಳುವ ಮಸಿ ಎಂದು. ಹುಡುಗರನ್ನು ಹೊಗೆಗೂಡಿಗೆ ಇಳಿಸುವುದನ್ನು ಗಟ್ಟಿಯಾಗಿ ತಡೆದ ಕಾನೂನು ಇಂಗ್ಲೆಂಡಿನಲ್ಲಿ ಬಂದದ್ದು ೧೮೭೫ರಲ್ಲಿ. ಸರಿಯಾಗಿ ನೂರು ವರ್ಷ!

ಅದೇ ದೇಶದ ಲ್ಯಾಂಕಶೈರಿನ ಹತ್ತಿ ಗಿರಣಿಗಳಲ್ಲಿ ನೂಲುವವರಿಗೂ ಅದೇ ಜಾಗದಲ್ಲಿ ಅದೇ ಹುಣ್ಣು. ‘ಮ್ಯೂಲ್’ ಎಂಬ ನೂಲುವ ಯಂತ್ರದ ಮೇಲೆ ಬಾಗಿ ಕಡಿದ ಎಳೆಗಳನ್ನು ಕೂಡಿಸುವಾಗ ಕದಿರುಗಳಿಂದ ಸಿಡಿದ ಖನಿಜ ಎಣ್ಣೆ ಅವರ ಷರಾಯಿಯನ್ನು ನೆನೆಸುತ್ತಿತ್ತು. ಮ್ಯಾಂಚೆಸ್ಟರಿನ ವೈದ್ಯರು ೧೯೨೨ರಲ್ಲಿ ಈ ಸಂಗತಿಯನ್ನು ಜಗತ್ತಿಗೆ ಸಾರಿದರು. ೧೯೨೬ರಲ್ಲಿ ಸರಕಾರಿ ಸಮಿತಿ ಎಣ್ಣೆಯೇ ಕಾರಣವೆಂದು ವರದಿ ಕೊಟ್ಟಿತು. ನಿರಪಾಯದ ಎಣ್ಣೆಯನ್ನೇ ಬಳಸತಕ್ಕದ್ದು, ಕೆಲಸಗಾರರನ್ನು ನಿಯಮಿತವಾಗಿ ವೈದ್ಯರಿಂದ ತಪಾಸಣೆ ಮಾಡಿಸತಕ್ಕದ್ದು ಎಂಬ ಕಟ್ಟುನಿಟ್ಟು ನಿಯಮ ಬಂದದ್ದು ೧೯೫೩ರಲ್ಲಿ. ನಡುವಿನ ೨೭ ವರ್ಷ ಏನಾಗಿತ್ತು? ಕಾರಣ ಗೊತ್ತಿತ್ತು, ಉಪಾಯ ಗೊತ್ತಿತ್ತು, ಗೊತ್ತಿದ್ದೂ ಜನ ಸತ್ತರು. ತೋರಿಸಲು ನಾಚುವ ಜಾಗದ ಹುಣ್ಣಾದ್ದರಿಂದ ನೂಲುವವನೂ ಮುಚ್ಚಿಟ್ಟುಕೊಂಡ. ಅವನ ನಾಚಿಕೆ ಒಡೆಯನಿಗೆ ಲಾಭವಾಯಿತು.

ಈ ಹಳೆಯ ಕತೆಯನ್ನು ನಾವು ತೆಗೆದದ್ದಕ್ಕೆ ಕಾರಣವಿದೆ. ಲ್ಯಾಂಕಶೈರಿನ ನೂಲುವವನ ಕತೆಗೂ ನಮ್ಮ ಓಣಿಯ ತಾಯಿಯ ಕತೆಗೂ ಎಣ್ಣೆಯೊಂದನ್ನು ಬಿಟ್ಟರೆ ವ್ಯತ್ಯಾಸವಿಲ್ಲ. ಇಲ್ಲಿ ಎಣ್ಣೆಯ ಜಾಗದಲ್ಲಿ ಒಂದು ವೈರಸ್ಸಿದೆ.

ವೈರಸ್ಸಿನಿಂದ ಕ್ಯಾನ್ಸರು ಹುಟ್ಟಬಹುದೆಂದು ಪೇಟನ್ ರೌಸ್ ಕೋಳಿಗಳಲ್ಲಿ ೧೯೧೧ರಲ್ಲಿ ತೋರಿಸಿದ; ಅವನಿಗೆ ನೊಬೆಲ್ ಪಾರಿತೋಷಕ ಸಿಕ್ಕಿದ್ದು ೧೯೬೬ರಲ್ಲಿ. ರಿಚರ್ಡ್ ಶೋಪ್ ೧೯೩೩ರಲ್ಲಿ ಕಾಡುಮೊಲಗಳ ಚರ್ಮದ ಗಂಟುಗಳಲ್ಲಿ ಅಂಥದೇ ವೈರಸ್ಸನ್ನು ಕಂಡ. ಇತ್ತ ಜರ್ಮನಿಯ ಥಿಯೋಡರ್ ಬೊವೆರಿ ೧೯೧೪ರಲ್ಲಿ ಇನ್ನೊಂದು ಮಾತು ಹೇಳಿದ: ಜೀವಕೋಶದ ವರ್ಣತಂತುಗಳ ಲೆಕ್ಕ ತಪ್ಪಿದಾಗ ಕ್ಯಾನ್ಸರು ಹುಟ್ಟುತ್ತದೆ ಎಂದು. ವೈರಸ್ಸೋ ವರ್ಣತಂತುವೋ ಎಂದು ಪಂಡಿತರು ಬಹಳ ಕಾಲ ಎರಡು ಪಕ್ಷವಾಗಿ ವಾದಿಸಿದರು. ಹೆರಾಲ್ಡ್ ಜುರ್ ಹೌಸೆನ್ ಎಂಬ ಜರ್ಮನ್ ವೈದ್ಯ ತನ್ನ ಸಂಗಡಿಗರೊಂದಿಗೆ ಗರ್ಭಕಂಠದ ಕ್ಯಾನ್ಸರಿನ ಗಡ್ಡೆಗಳಲ್ಲಿ ಮಾನವ ಪ್ಯಾಪಿಲೋಮಾ ವೈರಸ್ಸಿನ ೧೬ನೆಯ ಬಗೆಯನ್ನು ೧೯೮೩ರಲ್ಲಿ, ೧೮ನೆಯ ಬಗೆಯನ್ನು ಮರುವರ್ಷ ಹಿಡಿದ. ಅವನಿಗೆ ೨೦೦೮ರಲ್ಲಿ ನೊಬೆಲ್ ಬಂತು. ಈ ಎರಡೇ ಬಗೆಗಳು ಇಂಥ ನೂರು ಕ್ಯಾನ್ಸರುಗಳಲ್ಲಿ ಸುಮಾರು ಎಪ್ಪತ್ತಕ್ಕೆ ಕಾರಣ. ಎರಡು ಪಕ್ಷದವರೂ ಗೆದ್ದರು: ಮೊದಲು ನುಗ್ಗುವುದು ವೈರಸ್ಸು, ಆಮೇಲೆ ಕೆಡುವುದು ವರ್ಣತಂತು.

ಅದು ಹೇಗೆಂಬುದನ್ನು ಅಂಗಡಿಕಾರ ಬಂಧುಗಳು ಬಲ್ಲ ಭಾಷೆಯಲ್ಲಿ ಹೇಳುತ್ತೇವೆ. ಜೀವಕೋಶದೊಳಗಿನ ೪೬ ವರ್ಣತಂತುಗಳೆಂದರೆ ೪೬ ಖಾತೆ ಪುಸ್ತಕಗಳು. ಕೋಶ ಒಡೆದು ಎರಡಾಗುವ ಮುನ್ನ ಪುಸ್ತಕಗಳೆಲ್ಲ ಅಕ್ಷರ ಬಿಡದೆ ನಕಲಾಗಿ ಎರಡೂ ಕಡೆಗೆ ಸಮಪಾಲಾಗಬೇಕು. ನಕಲಿನಲ್ಲಿ ತಪ್ಪು ಬಿದ್ದರೆ ಕೆಲಸ ನಿಲ್ಲಿಸಿ ತಿದ್ದಿಸುವ, ತಿದ್ದಲಾಗದಿದ್ದರೆ ಆ ಕೋಶವನ್ನೇ ಮುಗಿಸಿಬಿಡುವ ಒಬ್ಬ ತನಿಖೆದಾರನಿದ್ದಾನೆ. ಅವನ ಹೆಸರು ಪಿ-೫೩. ಎಳೆ ಕಡಿದರೆ ಮಗ್ಗ ತಾನಾಗಿ ನಿಲ್ಲುವ ಏರ್ಪಾಡು ಇರುತ್ತದಲ್ಲವೆ, ಇದೂ ಅದೇ ಬಗೆ. ಇನ್ನೊಬ್ಬ ಆರ್‌ಬಿ ಎಂಬವನು. ಅಪ್ಪಣೆಯಿಲ್ಲದೆ ಯಂತ್ರ ಓಡದಂತೆ ಒತ್ತಿ ಹಿಡಿದ ಬ್ರೇಕು ಅವನು.

ವೈರಸ್ಸಿಗೆ ಸ್ವಂತ ಕಾರ್ಖಾನೆ ಇಲ್ಲ. ತನ್ನ ವಂಶ ಬೆಳೆಸಲು ಅದಕ್ಕೆ ಬೇರೆಯವರ ಯಂತ್ರ ಓಡಬೇಕು. ಆದ್ದರಿಂದ ಅದು ಇ-೬ ಎಂಬ ತನ್ನ ಪದಾರ್ಥದಿಂದ ತನಿಖೆದಾರನನ್ನು ನಾಶಮಾಡಿಸುತ್ತದೆ, ಇ-೭ ಎಂಬುದರಿಂದ ಬ್ರೇಕನ್ನು ಕಳಚುತ್ತದೆ. ಬಹುಪಾಲು ಹೆಂಗಸರಲ್ಲಿ, ಹತ್ತರಲ್ಲಿ ಒಂಬತ್ತರಷ್ಟು ಸಲ, ಮೈಯ ಕಾವಲು ಪಡೆ ಒಂದೆರಡು ವರ್ಷದಲ್ಲಿ ಈ ಕಳ್ಳನನ್ನು ಓಡಿಸಿಬಿಡುತ್ತದೆ. ಉಳಿದವರಲ್ಲಿ ಅದು ಬೀಡುಬಿಡುತ್ತದೆ. ಎಷ್ಟೋ ಸಲ ವೈರಸ್ಸಿನ ತಂತು ತುಂಡಾಗಿ ನಮ್ಮ ವರ್ಣತಂತುವಿನೊಳಗೇ ಹೆಣೆದುಕೊಳ್ಳುತ್ತದೆ. ಆಗ ಇ-೬, ಇ-೭ಗಳಿಗೆ ಲಗಾಮೇ ಇಲ್ಲದಂತಾಗುತ್ತದೆ. ತನಿಖೆದಾರನಿಲ್ಲದ ಅಂಗಡಿಯಲ್ಲಿ ಲೆಕ್ಕ ಏನಾಗುತ್ತದೆ? ಒಂದು ಪುಸ್ತಕಕ್ಕೆ ಹೆಚ್ಚುವರಿ ಪ್ರತಿ, ಇನ್ನೊಂದರ ಹಾಳೆಗಳೇ ಮಾಯ. ಈ ಕ್ಯಾನ್ಸರಿನಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಬದಲಾವಣೆ ಮೂರನೆಯ ವರ್ಣತಂತುವಿನ ಉದ್ದ ತೋಳಿನ ಪ್ರತಿಗಳು ಹೆಚ್ಚಾಗುವುದು. ಸೀರೆಯ ಸೆರಗು ಎಳೆ ಬಿಡದಂತೆ ಕುಚ್ಚು ಕಟ್ಟುವುದುಂಟಷ್ಟೆ. ವರ್ಣತಂತುವಿನ ತುದಿಗೂ ಅಂಥ ಕುಚ್ಚಿದೆ. ಕೋಶ ಒಡೆದಂತೆಲ್ಲ ಅದು ಸವೆಯುತ್ತದೆ, ಸವೆದು ಮುಗಿದರೆ ಕೋಶಕ್ಕೆ ನಿವೃತ್ತಿ. ಕುಚ್ಚನ್ನು ಹೊಸದಾಗಿ ಕಟ್ಟುವ ಸಲಕರಣೆಯ ಒಂದು ಭಾಗ ಆ ಮೂರನೆಯ ವರ್ಣತಂತುವಿನ ತೋಳಿನಲ್ಲಿದೆ. ಅದು ಹೆಚ್ಚಿದ ಮೇಲೆ ಕೋಶಕ್ಕೆ ನಿವೃತ್ತಿಯಿಲ್ಲ, ಬ್ರೇಕಿಲ್ಲ, ತನಿಖೆಯಿಲ್ಲ. ಅದೇ ಕ್ಯಾನ್ಸರು.

“ವರ್ಣತಂತು ಕೆಟ್ಟಿತೆಂದರೆ ಅದೇ ಹಣೆಬರಹವಲ್ಲವೆ?” ಎಂದು ಕೆಲವು ಓದು ಬಲ್ಲವರು ಕೇಳಬಹುದು. ಅಲ್ಲ. ಹುಟ್ಟುವಾಗ ಅವಳ ಪುಸ್ತಕಗಳು ಸರಿಯಾಗಿಯೇ ಇದ್ದವು. ಕೆಟ್ಟದ್ದು ಅವಳ ಮೈಯ ಒಂದು ಮೂಲೆಯ ಕೆಲವು ಕೋಶಗಳಲ್ಲಿ, ಅವಳ ಜೀವಮಾನದಲ್ಲಿ, ಹೊರಗಿಂದ ಬಂದ ವೈರಸ್ಸಿನ ಕೈವಾಡದಿಂದ. ಈ ಕೆಡುಕು ಅವಳ ಮಗಳಿಗೆ ಬಳುವಳಿಯಾಗಿ ಹೋಗುವುದಿಲ್ಲ. ಇದು ಬ್ರಹ್ಮ ಬರೆದದ್ದಲ್ಲ, ಕಳ್ಳ ತಿದ್ದಿದ್ದು.

ಇನ್ನು ಕೆಲವರು ಪಿಸುಮಾತಿನಲ್ಲಿ ಅವಳ ನಡತೆಯ ಮೇಲೆ ಬೆರಳು ತೋರಿಸುತ್ತಾರೆ. ಇಟಲಿಯ ವೆರೋನಾ ಪಟ್ಟಣದಲ್ಲಿ ರಿಗೋನಿ-ಸ್ಟರ್ನ್ ಎಂಬ ವೈದ್ಯ ೧೮೪೨ರಲ್ಲಿ ಸಾವಿನ ದಾಖಲೆಗಳನ್ನು ಎಣಿಸಿ, ಗರ್ಭಕೋಶದ ಕ್ಯಾನ್ಸರು ಸನ್ಯಾಸಿನಿಯರಿಗಿಂತ ಮದುವೆಯಾದವರಲ್ಲಿ ಹೆಚ್ಚೆಂದು ಹೇಳಿದ ದಿನದಿಂದ ಈ ಪಿಸುಮಾತಿಗೆ ಕೊನೆಯಿಲ್ಲ. ಸಂಗತಿ ಏನೆಂದರೆ, ಸಂಸಾರ ಮಾಡಿದ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಒಂದಲ್ಲ ಒಂದು ಸಲ ಈ ವೈರಸ್ಸು ತಗಲಿಯೇ ಇರುತ್ತದೆ. ಒಬ್ಬನೇ ಗಂಡನೊಂದಿಗೆ ಬಾಳಿದವಳಿಗೂ ಬರುತ್ತದೆ. ತಂದುಕೊಡುವವನು ಗಂಡಸು, ಸಾಯುವವಳು ಹೆಂಗಸು, ಬೈಗುಳವೂ ಅವಳಿಗೇ! ಬಡವಳ ನಾಚಿಕೆಯ ಮೇಲೆ ನಿಂತಿರುವ ಈ ಮೌನವನ್ನು ಮುರಿಯುವುದು ನಮ್ಮ ಮೊದಲ ಕೆಲಸ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಈಗ ಬರುತ್ತದೆ. ವೈರಸ್ಸು ತಗಲಿ ಕ್ಯಾನ್ಸರಾಗುವುದಕ್ಕೆ ಸಾಮಾನ್ಯವಾಗಿ ೧೫ರಿಂದ ೨೦ ವರ್ಷ ಬೇಕು. ಇಪ್ಪತ್ತು ವರ್ಷ! ಆ ಅವಧಿಯುದ್ದಕ್ಕೂ ಕೆಟ್ಟ ಕೋಶಗಳು ಮೇಲ್ಪದರದಲ್ಲಿಯೇ ಇರುತ್ತವೆ. ಆಗ ಕಂಡರೆ ಸುಟ್ಟೋ ತಂಪಿನಿಂದ ಹೆಪ್ಪುಗಟ್ಟಿಸಿಯೋ ತೆಗೆದುಹಾಕಬಹುದು. ಕೋಶಗಳನ್ನು ಒರೆಸಿ ತೆಗೆದು ಗಾಜಿನ ಮೇಲೆ ನೋಡುವ ಪರೀಕ್ಷೆಯನ್ನು ಪಾಪಾನಿಕೊಲೌ ಎಂಬವನು ವಿವರವಾಗಿ ಪ್ರಕಟಿಸಿದ್ದು ೧೯೪೩ರಲ್ಲಿ. ಶ್ರೀಮಂತ ದೇಶಗಳಲ್ಲಿ ಆ ಪರೀಕ್ಷೆಯಿಂದಲೇ ಸಾವು ಇಳಿಯಿತು. ನಮಗೆ ಅಂಥ ಪ್ರಯೋಗಶಾಲೆಗಳಿಲ್ಲ ಎನ್ನುತ್ತೀರಾ? ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಹತ್ತನೆಯ ತರಗತಿ ಓದಿದ ಹೆಣ್ಣುಮಕ್ಕಳಿಗೆ ಕೆಲವು ವಾರಗಳ ತರಬೇತಿ ಕೊಟ್ಟು, ನೀರು ಬೆರೆಸಿದ ವಿನೆಗರ್ ಹುಳಿಯನ್ನು ಹಚ್ಚಿ ಬೆಳ್ಳಗಾಗುವ ಕಲೆಯನ್ನು ನೋಡುವುದನ್ನು ಕಲಿಸಿದರು. ಹನ್ನೆರಡು ವರ್ಷಗಳ ಲೆಕ್ಕ ೨೦೧೪ರಲ್ಲಿ ಅಚ್ಚಾಯಿತು: ಸಾವು ನೂರಕ್ಕೆ ೩೧ರಷ್ಟು ಇಳಿದಿತ್ತು. ಉಸ್ಮಾನಾಬಾದಿನ ಹಳ್ಳಿಗಳಲ್ಲಿ ಒಂದೇ ಒಂದು ಸಲ ವೈರಸ್ ಪರೀಕ್ಷೆ ಮಾಡಿದ್ದರಿಂದ ಸಾವು ಅರ್ಧದಷ್ಟಾಯಿತೆಂದು ೨೦೦೯ರಲ್ಲಿಯೇ ಪ್ರಕಟವಾಗಿತ್ತು. ವಿನೆಗರಿಗೆ ಎಷ್ಟು ಬೆಲೆ? ನಮ್ಮ ಕಿರಾಣಿ ಅಂಗಡಿಯವರನ್ನೇ ಕೇಳಿರಿ.

ಹೀಗೆ ಉಪಾಯ ಕೈಯಲ್ಲಿದ್ದೂ, ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೩೦ರಿಂದ ೪೯ ವಯಸ್ಸಿನ ನೂರು ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ಇಬ್ಬರೂ ಇಲ್ಲ, ಲೆಕ್ಕ ೧.೯. ಯಮಧರ್ಮನು ಇಪ್ಪತ್ತು ವರ್ಷದ ವಾಯಿದೆ ಕೊಡುತ್ತಾನೆ. ವಾಯಿದೆಯೊಳಗೆ ಬಾಗಿಲಿಗೆ ಬಾರದವರು ಯಾರು? ಈಗಲೂ ಇದನ್ನು ಹಣೆಬರಹವೆನ್ನೋಣವೆ?

ಲಸಿಕೆಯ ಕತೆಯನ್ನೂ ಕೇಳಿರಿ. ವೈರಸ್ಸಿನ ಖಾಲಿ ಚಿಪ್ಪನ್ನು ಕಟ್ಟುವ ವಿದ್ಯೆ ಹೊರಟದ್ದು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ, ಜಿಯಾನ್ ಝೌ ಮತ್ತು ಇಯಾನ್ ಫ್ರೇಜರ್ ಎಂಬವರ ೧೯೯೧ರ ಕೆಲಸದಿಂದ, ಮತ್ತು ಅಮೆರಿಕದ ಸರಕಾರಿ ಕ್ಯಾನ್ಸರ್ ಸಂಸ್ಥೆಯಲ್ಲಿ. ಅಂದರೆ ಸಾರ್ವಜನಿಕರ ದುಡ್ಡಿನಲ್ಲಿ. ೨೦೦೬ರಲ್ಲಿ ಲಸಿಕೆ ಪೇಟೆಗೆ ಬಂದಾಗ ಮಾತ್ರ ಅದು ಖಾಸಗಿ ಕಂಪನಿಗಳ ಸರಕು, ಬೆಲೆ ಅವರು ಹೇಳಿದ್ದು. ಗರ್ಭಕಂಠದ ಕ್ಯಾನ್ಸರಿನಿಂದ ೧೯೫೧ರಲ್ಲಿ ೩೧ನೆಯ ವಯಸ್ಸಿನಲ್ಲಿ ಸತ್ತ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಕರಿಯ ಹೆಂಗಸು ತಂಬಾಕಿನ ಹೊಲದಲ್ಲಿ ದುಡಿದವಳು. ಅವಳದು ಹುರುಪೆಕೋಶದ ಕ್ಯಾನ್ಸರಲ್ಲ, ಗ್ರಂಥಿಯ ಬಗೆಯದು. ಆದರೆ ಒಳಗಿದ್ದ ಕಳ್ಳ ಅದೇ ೧೮ನೆಯ ವೈರಸ್ಸು. ಅವಳನ್ನು ಕೇಳದೆ ತೆಗೆದ ಕೋಶಗಳು, ೪೬ರ ಬದಲು ಸುಮಾರು ೮೦ ವರ್ಣತಂತುಗಳನ್ನು ಹೊತ್ತು, ಇಂದಿಗೂ ಲೋಕದ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. ಅವನ್ನು ಮಾರಿ ಲಾಭ ಮಾಡಿದ ಒಂದು ದೊಡ್ಡ ಕಂಪನಿ ಅವಳ ಮೊಮ್ಮಕ್ಕಳೊಂದಿಗೆ ರಾಜಿಗೆ ಬಂದದ್ದು ೨೦೨೩ರಲ್ಲಿ. ಬಡವಳ ಮೈ ಎಲ್ಲರ ಸೊತ್ತು, ಅದರಿಂದ ಬಂದ ಔಷಧ ಮಾತ್ರ ಕಂಪನಿಯ ಸೊತ್ತು!

ನಮ್ಮಲ್ಲಿಯೂ ಅದೇ ನೀತಿ. ಲಸಿಕೆಗೆ ಇಲ್ಲಿ ೨೦೦೮ರಲ್ಲಿ ಪರವಾನಿಗೆ ಸಿಕ್ಕಿತು. ೨೦೦೯ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸಾವಿರಾರು ಹುಡುಗಿಯರಿಗೆ, ಅವರಲ್ಲಿ ಗಿರಿಜನರ ಮಕ್ಕಳೇ ಬಹಳ, ಚುಚ್ಚಿದರು. ಹಾಸ್ಟೆಲಿನಲ್ಲಿದ್ದ ಹುಡುಗಿಯರಿಗೆ ತಂದೆತಾಯಿಯ ಬದಲು ವಾರ್ಡನ್ನರು ಒಪ್ಪಿಗೆಯ ರುಜು ಹಾಕಿದರು. ಏಳು ಹುಡುಗಿಯರು ಸತ್ತ ಸುದ್ದಿ ಬಂದು ೨೦೧೦ರ ಏಪ್ರಿಲಿನಲ್ಲಿ ಕೆಲಸ ನಿಂತಿತು. ವಿಚಾರಣೆಯಲ್ಲಿ ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿಯನ್ನು ೨೦೧೩ರಲ್ಲಿ ಸಂಸತ್ತಿನ ಸಮಿತಿಯೇ ಕಟುವಾಗಿ ಖಂಡಿಸಿತು. ನಾವು ಲಸಿಕೆಯ ವಿರೋಧಿಗಳಲ್ಲ. ಬಡವರ ಮಕ್ಕಳನ್ನು ಕೇಳದೆ ಚುಚ್ಚುವವರ ವಿರೋಧಿಗಳು. ಅಂಥವರ ಸೊಕ್ಕಿನಿಂದಲೇ ಒಳ್ಳೆಯ ಲಸಿಕೆಗೆ ಕೆಟ್ಟ ಹೆಸರು ಬಂದು ವರ್ಷಗಟ್ಟಲೆ ಕಾಲ ಹಾಳಾಯಿತು.

ಇನ್ನೊಂದು ಸಂಗತಿ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಆ ೨೦೧೦ರ ಆಜ್ಞೆಯಿಂದ ನಮ್ಮ ದೇಶದಲ್ಲಿ ನಡೆಯುತ್ತಿದ್ದ ಇನ್ನೊಂದು ಪರೀಕ್ಷೆಯೂ ಅರ್ಧಕ್ಕೆ ನಿಂತು, ಎಷ್ಟೋ ಹುಡುಗಿಯರಿಗೆ ಒಂದೇ ಚುಚ್ಚು ಸಿಕ್ಕಿತ್ತು. ಹತ್ತು ವರ್ಷ ಅವರನ್ನು ನೋಡಿಕೊಂಡು ಬಂದವರು ೨೦೨೧ರಲ್ಲಿ ಪ್ರಕಟಿಸಿದರು: ಒಂದೇ ಚುಚ್ಚೂ ಚೆನ್ನಾಗಿ ಕಾಪಾಡುತ್ತದೆ ಎಂದು. ಇಂಥ ಸಾಕ್ಷ್ಯಗಳ ಬಲದ ಮೇಲೆ ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಚುಚ್ಚು ಸಾಕೆಂದು ಒಪ್ಪಿತು. ಲೋಕಕ್ಕೆ ಈ ಪಾಠ ಹೇಳಿದ್ದು ನಮ್ಮ ಹುಡುಗಿಯರ ತೋಳು. ಅಷ್ಟರಲ್ಲಿ ನೆರೆಯ ಭೂತಾನ ೨೦೧೦ರಲ್ಲಿ, ಆಫ್ರಿಕದ ರುವಾಂಡ ೨೦೧೧ರಲ್ಲಿ ದೇಶದ ಹುಡುಗಿಯರಿಗೆಲ್ಲ ಲಸಿಕೆ ಹಾಕಲು ತೊಡಗಿದ್ದವು. ಸ್ಕಾಟ್ಲೆಂಡಿನಲ್ಲಿ ೨೦೦೮ರಿಂದ ಶಾಲೆಯಲ್ಲಿ ೧೨-೧೩ನೆಯ ವಯಸ್ಸಿಗೆ ಪೂರ್ತಿ ಲಸಿಕೆ ಹಾಕಿಸಿಕೊಂಡವರಲ್ಲಿ ಒಬ್ಬಳಿಗೂ ಈ ಕ್ಯಾನ್ಸರು ಕಾಣಲಿಲ್ಲವೆಂದು ೨೦೨೪ರಲ್ಲಿ ವರದಿಯಾಯಿತು.

ಸ್ವದೇಶಿ ಲಸಿಕೆ ೨೦೨೨ರಲ್ಲಿ ಸಿದ್ಧವಾಯಿತು. ತಯಾರಕರೇ ಆಗ ೨೦೦ರಿಂದ ೪೦೦ ರೂಪಾಯಿಯ ಬೆಲೆ ಹೇಳಿದ್ದರು. ಪೇಟೆಯ ಔಷಧದಂಗಡಿಗೆ ಬಂದಾಗ ಅದು ಸಾವಿರಗಳ ಲೆಕ್ಕವಾಯಿತು. ಕೇಂದ್ರ ಸರಕಾರ ೨೦೨೪ರ ಫೆಬ್ರುವರಿಯ ಮುಂಗಡ ಪತ್ರದಲ್ಲಿ ೯ರಿಂದ ೧೪ ವರ್ಷದ ಹುಡುಗಿಯರಿಗೆ ಲಸಿಕೆಯನ್ನು ಪ್ರೋತ್ಸಾಹಿಸುವುದಾಗಿ ಮಾತು ಕೊಟ್ಟಿತು. ಆ ಮಾತು ತಮ್ಮ ಓಣಿಯವರೆಗೆ ನಡೆದು ಬಂದಿದೆಯೋ ಇಲ್ಲವೋ ಎಂಬುದನ್ನು ಓದುಗರು ತಮ್ಮ ಮಗಳ ತೋಳನ್ನು ನೋಡಿಯೇ ಹೇಳಲಿ.

ಇಷ್ಟು ಬೇರೆಯವರನ್ನು ಆಡಿದ ಮೇಲೆ ನಮ್ಮವರನ್ನೂ ಒಂದು ಮಾತು ಆಡದಿದ್ದರೆ ನ್ಯಾಯವಲ್ಲ. ಬಾಯಿಯ ಕ್ಯಾನ್ಸರೂ ಇದೇ ಹುರುಪೆಕೋಶಗಳದು. ಅಲ್ಲಿ ಮುಖ್ಯ ಕಳ್ಳ ತಂಬಾಕು ಮತ್ತು ಅಡಿಕೆಯ ಜಗಿತ. ವೈರಸ್ಸು ಕೆಡವುವ ಆ ತನಿಖೆದಾರನನ್ನೇ ತಂಬಾಕಿನ ವಿಷವೂ ಕೆಡಿಸುತ್ತದೆ. ನಮ್ಮ ರಾಜ್ಯದಲ್ಲಿ ೨೦೧೩ರಲ್ಲಿ ಗುಟ್ಕಾ ನಿಷೇಧವಾಯಿತು. ಕಂಪನಿಗಳು ಏನು ಮಾಡಿದವು? ಒಂದು ಪೊಟ್ಟಣವನ್ನು ಎರಡು ಮಾಡಿ, ಪಾನ್ ಮಸಾಲೆ ಒಂದು, ತಂಬಾಕು ಒಂದು, ಒಂದೇ ದಾರಕ್ಕೆ ಪಕ್ಕಪಕ್ಕದಲ್ಲಿ ತೂಗುಹಾಕಿಸಿದವು. ಆ ದಾರ ತೂಗುವುದು ನಮ್ಮ ಓದುಗರ ಅಂಗಡಿಯ ಬಾಗಿಲಲ್ಲಿ. ಸಣ್ಣ ಅಂಗಡಿಯವನಿಗೆ ಪೊಟ್ಟಣಕ್ಕೆ ಸಿಗುವ ಪುಡಿಗಾಸು, ಕಂಪನಿಗೆ ಸಿಗುವ ಕೋಟಿ, ರಾತ್ರಿ ಪಾಳಿಯ ಕೆಲಸಗಾರನಿಗೆ ಸಿಗುವ ಹುಣ್ಣು, ಈ ಮೂರನ್ನೂ ತಕ್ಕಡಿಯಲ್ಲಿಟ್ಟು ತೂಗಿ ನೋಡಿರೆಂದು ಕೈಮುಗಿದು ಕೇಳುತ್ತೇವೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

೧. ಮೂವತ್ತು ದಾಟಿದ ಪ್ರತಿಯೊಬ್ಬ ಹೆಂಗಸಿಗೆ ಪುಕ್ಕಟೆ ಪರೀಕ್ಷೆ. ದೂರದ ದೊಡ್ಡಾಸ್ಪತ್ರೆಯಲ್ಲಲ್ಲ, ಓಣಿಯ ಆರೋಗ್ಯ ಕೇಂದ್ರದಲ್ಲಿ, ಹೆಣ್ಣು ಸಿಬ್ಬಂದಿಯ ಕೈಯಿಂದ. ಲಸಿಕೆ ಹಾಕಿಸಿಕೊಂಡವರಿಗೂ ಪರೀಕ್ಷೆ ತಪ್ಪಬಾರದು, ಏಕೆಂದರೆ ವೈರಸ್ಸಿನ ಎಲ್ಲ ಬಗೆಗಳನ್ನೂ ಲಸಿಕೆ ತಡೆಯುವುದಿಲ್ಲ.

೨. ಪರೀಕ್ಷೆಯ ದಿನಕ್ಕೆ ಗಿರಣಿಯಲ್ಲಿಯೂ ಗಾರ್ಮೆಂಟ್ ಕಾರ್ಖಾನೆಯಲ್ಲಿಯೂ ಪೂರ್ತಿ ಕೂಲಿ. ಕೂಲಿಯಿಂದ ಕಡಿದ ಹಣದಿಂದ ನಡೆಯುವ ಇ.ಎಸ್.ಐ. ದವಾಖಾನೆಗಳಲ್ಲಿ ಈ ಪರೀಕ್ಷೆ ಕಡ್ಡಾಯ. ಇ.ಎಸ್.ಐ. ಇಲ್ಲದ ಸಣ್ಣ ವ್ಯಾಪಾರಿಯ ಮನೆಯವರಿಗೂ ಅದೇ ಹಕ್ಕು.

೩. ಪ್ರತಿ ಹುಡುಗಿಗೂ ಪುಕ್ಕಟೆ ಲಸಿಕೆ, ತಂದೆತಾಯಿಗೆ ಕನ್ನಡದಲ್ಲಿ ತಿಳಿಯಹೇಳಿ ಒಪ್ಪಿಗೆ ಪಡೆದ ಮೇಲೆ. ಶಾಲೆ ಬಿಟ್ಟು ಕೂಲಿಗೆ ಹೋಗುವ ಹುಡುಗಿಯನ್ನು ಮೊದಲು ಹುಡುಕತಕ್ಕದ್ದು.

೪. ಪರೀಕ್ಷೆಯಲ್ಲಿ ಕಲೆ ಕಂಡವಳಿಗೆ ಚಿಕಿತ್ಸೆ ಜಿಲ್ಲೆಯಲ್ಲಿಯೇ ಸಿಗಬೇಕು. ಹೆಸರು ಬರೆದುಕೊಂಡು ಕಳಿಸಿಬಿಡುವ ಶಿಬಿರಗಳು ನಮಗೆ ಬೇಡ.

ಇದಕ್ಕೆ ದುಡ್ಡೆಲ್ಲಿದೆ ಎಂದು ಕೇಳುವ ಮಹನೀಯರಿಗೆ ನಮ್ಮ ಉತ್ತರ: ಬೆಂಗಳೂರಿನ ಆಸ್ಪತ್ರೆಯ ಮುಂದೆ ಜಗಲಿಯ ಮೇಲೆ ಮಲಗಿ, ತಾಳಿ ಮಾರಿ, ಬಡ್ಡಿಗೆ ತಂದು ಬಡವರು ಈಗಾಗಲೇ ದುಡ್ಡು ಕೊಡುತ್ತಿದ್ದಾರೆ, ಜೊತೆಗೆ ಜೀವವನ್ನೂ ಕೊಡುತ್ತಿದ್ದಾರೆ. ಅದರ ಲೆಕ್ಕವನ್ನು ಯಾವ ಮುಂಗಡ ಪತ್ರದಲ್ಲಿಯೂ ಬರೆಯುವುದಿಲ್ಲ ಅಷ್ಟೇ.

ಲ್ಯಾಂಕಶೈರಿನ ನೂಲುವವರು ೨೭ ವರ್ಷ ಕಾದರು. ನಾವು ಕಾಯುವುದಿಲ್ಲ. ಈ ವಾರ ಪತ್ರಿಕೆ ಓದಿದ ಪ್ರತಿಯೊಬ್ಬ ಕಾರ್ಮಿಕನೂ ಇದನ್ನು ಮನೆಗೆ ಒಯ್ದು ತಾಯಿಗೆ, ಹೆಂಡತಿಗೆ, ಅಕ್ಕತಂಗಿಯರಿಗೆ ಓದಿ ಹೇಳಲಿ. ನಾಚಿಕೆಪಡಬೇಕಾದವರು ಅವರಲ್ಲ. ಇನ್ನು ಮೇಲೆ ಕಟ್ಟೆಯ ಮೇಲೆ ಯಾರಾದರೂ ಹಣೆಬರಹವೆಂದರೆ ಒಂದೇ ಪ್ರಶ್ನೆ ಕೇಳಿರಿ: ಇಪ್ಪತ್ತು ವರ್ಷದ ವಾಯಿದೆಯಿತ್ತಲ್ಲ, ಅವಳ ಬಾಗಿಲಿಗೆ ಯಾರು ಬಂದಿದ್ದರು?